ಕೌದಿ ಹುಳದ ಬಾಟಲಿ

ಎಲೆ ಅಡಿಕೆಯ ತಟ್ಟೆಯನ್ನು ನಾನು ಇವತ್ತಿಗೂ ಮುಟ್ಟುವುದಿಲ್ಲ. ಮದುವೆ ಮನೆಗಳಲ್ಲಿ ಯಾರಾದರೂ ತಟ್ಟೆಯನ್ನು ಮುಂದೆ ಹಿಡಿದರೆ ಕೈ ಮುಗಿದು ಬೇಡವೆನ್ನುತ್ತೇನೆ. ಯಾಕೆಂದು ಕೇಳಿದವರಿಗೆ ಹಲ್ಲು ನೋವಿನ ನೆಪ ಹೇಳುತ್ತೇನೆ. ನಿಜವಾದ ಕಾರಣ ಒಂದು ಹುಳ. ಆ ಹುಳಕ್ಕೆ ಲ್ಯಾಟಿನ್ ಹೆಸರಿಡಲು ಹೊರಟವರು ನನ್ನ ಗಂಡ. ಆ ಹೆಸರಿನ ದೆಸೆಯಿಂದ ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ಇಬ್ಬರು ಮುದುಕಿಯರು ಸಾಯುವವರಿದ್ದರು.

ಆಗ ನಾವು ಗೋಕಾಕದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಎರಡನೆಯ ದೊಡ್ಡ ಲಡಾಯಿ ಇನ್ನೂ ಶುರುವಾಗಿರಲಿಲ್ಲ. ನನ್ನ ಗಂಡ ಹೈಸ್ಕೂಲಿನಲ್ಲಿ ಸೈನ್ಸ್ ಮಾಸ್ತರರು. ನಾನು ಹುಕ್ಕೇರಿಯವಳು. ಪುಣೆಯಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದು ಇಂಟರ್ ಸೈನ್ಸ್ ಮುಗಿಸಿದ್ದೆ, ಚಿತ್ರ ಬರೆಯುವ ಕೈ ಇತ್ತು. ನಮ್ಮ ಜೊತೆ ಅತ್ತೆ ಇದ್ದರು. ಅವರ ಮಗಳು ಮೂಡಲಗಿಯಲ್ಲಿದ್ದ ಅತ್ತೆಯ ಹಿರಿಯ ಮಗನ ಮನೆಗೆ ಬಾಣಂತನಕ್ಕೆ ಬಂದಿದ್ದಳು. ಅವಳಿಗೆ ಅಂಟಿನುಂಡಿ ಕಟ್ಟಿ ಕಳಿಸಬೇಕೆಂದು ಅತ್ತೆ ಪೇಟೆಯಿಂದ ಅಂಟು, ಉತ್ತತ್ತಿ, ಒಣ ಕೊಬ್ಬರಿ ತರಿಸಿದ್ದರು. ಕೊಬ್ಬರಿ ಹೆಚ್ಚುವ ಕೆಲಸ ನನ್ನದು.

ಈಳಿಗೆಯ ಮುಂದೆ ಕುಳಿತವರು ಒಂದೆರಡು ಚೂರು ಬಾಯಿಗೆ ಹಾಕಿಕೊಳ್ಳುವುದು ಇದ್ದದ್ದೇ. ನಾನೂ ಹಾಕಿಕೊಂಡೆ. ಹಲ್ಲಿನ ನಡುವೆ ಏನೋ ಚಟ್ಟೆಂದಿತು. ಮೆಣಸಿನ ಕಾಳು ಒಡೆದ ಹಾಗೆ. ಆಮೇಲೆ ನಾಲಿಗೆಯ ಮೇಲೆ ಒಂದು ಕಮಟು ಕಹಿ, ಹಳೆಯ ಎಣ್ಣೆಯ ಜಿಡ್ಡು, ಮತ್ತು ಇನ್ನೂ ಆಡುತ್ತಿದ್ದ ಒಂದು ಕಾಲು. ಅಂಗಳಕ್ಕೆ ಓಡುವಾಗ ಎದುರಿಗೆ ನನ್ನ ಗಂಡ ಬಂದರು. ನನ್ನ ಮುಖ ನೋಡಿ, ನನ್ನ ಕೈಯಲ್ಲಿದ್ದ ಕೊಬ್ಬರಿ ಬಟ್ಟಲು ನೋಡಿ, ತಮ್ಮ ಅಂಗೈಯನ್ನು ನನ್ನ ಗದ್ದದ ಕೆಳಗೆ ಒಡ್ಡಿದರು.

“ಇಲ್ಲಿ ಉಗುಳ. ನೆಲಕ್ಕ ಉಗುಳಬ್ಯಾಡ.”

ಉಗುಳಿದೆ. ನನ್ನ ಜೊಲ್ಲಿನಲ್ಲಿ ಬಿದ್ದಿದ್ದ ಅರ್ಧ ಹುಳವನ್ನು ಅವರು ಬಿಸಿಲಿಗೆ ಹಿಡಿದು ನೋಡಿದರು. ಬಟ್ಟಲಿನೊಳಗೆ ಅಂಥವೇ ಇನ್ನೂ ಹಲವು ಹರಿದಾಡುತ್ತಿದ್ದವು. ಭತ್ತದ ಕಾಳಿನಷ್ಟು ಉದ್ದ. ಮೈ ಕಪ್ಪು ನೀಲಿ. ಬೆನ್ನ ಮೇಲೆ ಇಟ್ಟಂಗಿ ಕೆಂಪಿನ ಚೌಕ, ಅದರ ಬಾಜೂಕ್ಕೆ ಮಾಸಿದ ಹಳದಿಯ ಚೌಕ. ಮೈತುಂಬ ನೆಟ್ಟಗೆ ನಿಂತ ಕೂದಲು. ಮೀಸೆಯ ತುದಿ ಗದೆಯಂತೆ ದಪ್ಪ.

ಅತ್ತೆ ಬಗ್ಗಿ ನೋಡಿ, “ಕೌದಿ ಹೊತಗೊಂಡಂಗ ಕಾಣತಾವಲ್ಲೋ ತಮ್ಮಾ ಇವು,” ಎಂದರು. ಹಳೆ ಬಟ್ಟೆಯ ಚೌಕ ಹೊಲಿದ ಕೌದಿಯಂತಿದ್ದ ಅದು ಅಲ್ಲಿಂದ ನಮ್ಮ ಮನೆಯಲ್ಲಿ ಕೌದಿ ಹುಳವೇ ಆಯಿತು.

ನನ್ನ ಗಂಡ ತಮ್ಮ ಪುಸ್ತಕಗಳನ್ನೆಲ್ಲ ಹಾಸಿಕೊಂಡು ಕುಳಿತರು. ಕೊಬ್ಬರಿಗೆ ಬೀಳುವ ಹುಳವೊಂದು ಪುಸ್ತಕದಲ್ಲಿತ್ತು. ಅದು ಮೈಯೆಲ್ಲ ಒಂದೇ ನೀಲಿ, ಕಾಲು ಮಾತ್ರ ಕೆಂಪು. ನಮ್ಮದಕ್ಕೆ ಬೆನ್ನಲ್ಲಿ ಚೌಕಳಿ, ಕಾಲು ಕಪ್ಪು, ತೊಡೆಯಷ್ಟೇ ಕೆಂಪು. ಇಂಥದು ಎಲ್ಲಿಯೂ ಇರಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಅವರ ಕಣ್ಣಲ್ಲಿ ನೀರಿತ್ತು. “ಜಗತ್ತಿನ್ಯಾಗ ಯಾರೂ ಇದಕ್ಕ ಹೆಸರಿಟ್ಟಿಲ್ಲ, ತಿಳೀತಿಲ್ಲೋ ನಿನಗ?” ಎಂದರು. ನನಗೆ ತಿಳಿದದ್ದು ಒಂದೇ. ಹೆಸರಿಲ್ಲದ್ದನ್ನು ನಾನು ಜಗಿದಿದ್ದೆ. ರೊಟ್ಟಿ ಬಿಟ್ಟು ಎದ್ದು ಮತ್ತೊಮ್ಮೆ ಬಾಯಿ ಮುಕ್ಕಳಿಸಿ ಬಂದೆ.

ಹೊಸ ಜಾತಿಯೆಂದು ವಿದ್ವಾಂಸರು ಒಪ್ಪಬೇಕಾದರೆ ಒಂದು ಹುಳ ಸಾಲದಂತೆ. ಗಂಡು ಬೇಕು, ಹೆಣ್ಣು ಬೇಕು, ಮರಿ ಬೇಕು, ಅದು ಏನು ತಿನ್ನುತ್ತದೆಂಬುದು ಗೊತ್ತಾಗಬೇಕು. ಅಂಟಿನುಂಡಿಯ ಕೊಬ್ಬರಿ ಒಂದು ಗಡಿಗೆ ಸೇರಿತು. ಗಡಿಗೆಯ ಬಾಯಿಗೆ ನನ್ನ ಹಳೆಯ ಸೀರೆಯ ಅಂಚು ಕಟ್ಟಿ ಬಚ್ಚಲ ಬಾಗಿಲ ಹಿಂದೆ ಇಟ್ಟರು. ಎಂಟು ದಿನದಲ್ಲಿ ಬಟ್ಟೆ ಎಣ್ಣೆಯಿಂದ ಹಳದಿಯಾಯಿತು, ಒಳಗಿನಿಂದ ಸರಸರ ಸದ್ದು ಬರತೊಡಗಿತು. ಸ್ನಾನಕ್ಕೆ ಕುಳಿತರೆ ನೀರು ಹೊಯ್ದುಕೊಳ್ಳುವ ನಡುವೆ ಅದೇ ಸದ್ದು. ಆ ಹುಳ ಕೊಬ್ಬರಿಗಿಂತ ಕೊಬ್ಬರಿಯಲ್ಲಿ ಬಿದ್ದ ಬೇರೆ ಹುಳದ ಮರಿಗಳನ್ನು ತಿನ್ನಲು ಬರುತ್ತದೆಂದು ಅವರಿಗೆ ಗುಮಾನಿ ಬಂತು. ಪರೀಕ್ಷೆ ಮಾಡಲು ಸಂತೆಯಿಂದ ಹುಳ ಬಿದ್ದ ಒಣ ಮೀನನ್ನು ಕಾಗದದಲ್ಲಿ ಸುತ್ತಿ ತಂದರು. ಲಿಂಗಪೂಜೆಯಿಲ್ಲದೆ ನೀರು ಮುಟ್ಟದ ಅತ್ತೆಯ ಮನೆಗೆ ಒಣ ಮೀನು!

ಮರುದಿನ ಅತ್ತೆ ಮೂಗಿಗೆ ಸೆರಗು ಹಿಡಿದು ಮನೆಯ ಮೂಲೆಮೂಲೆ ಹುಡುಕಿದರು. “ಇಲಿ ಸತ್ತೈತಿ.”

“ಇಲ್ಲವ್ವಾ,” ಎಂದರು ನನ್ನ ಗಂಡ.

“ಹಂಗಾರ ನೀನ ಸತ್ತೀಯೇನ? ಬಚ್ಚಲದಾಗ ಉಸಿರಾಡಾಕ ಬರವಲ್ದು.”

ನಾನೂ ಇಲಿ ಹುಡುಕುವವಳಂತೆ ಬಗ್ಗಿದೆ. ಗಡಿಗೆಯೊಳಗೆ ಆ ಮೀನಿನ ಕಣ್ಣಿನ ತೂತಿನಿಂದ ಬಿಳಿಯ ಹುಳಗಳು ಹೊರಟು, ಅವುಗಳ ಕತ್ತಿಗೆ ಕೌದಿ ಹುಳದ ಮರಿಗಳು ಬಾಯಿ ಹಾಕಿದ್ದನ್ನು ನಾನೇ ಕಂದೀಲು ಹಿಡಿದು ತೋರಿಸಿದ್ದೆ. ನನ್ನ ಗಂಡ ಚಪ್ಪಾಳೆ ತಟ್ಟಿದ್ದರು.

ಚಿತ್ರ ಬರೆಯುವುದು ನನ್ನ ಪಾಲಿಗೆ ಬಂತು. ಭೂತಗನ್ನಡಿಯ ಕೆಳಗೆ ಹುಳವನ್ನು ಸೂಜಿಯಿಂದ ಚುಚ್ಚಿ ಇಡುತ್ತಿದ್ದರು. ದೊಡ್ಡದಾಗಿ ಕಂಡರೆ ಚೆಲುವಾಗಿ ಕಾಣುತ್ತದೆಂದು ಅವರು ಹೇಳುತ್ತಿದ್ದರು. ನನಗೆ ಕಂಡದ್ದು ರೋಮ ಹತ್ತಿದ ಬೆನ್ನು, ಅದರಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳ ಸಾಲು, ತೂತುಗಳಲ್ಲಿ ಕೊಬ್ಬರಿಯ ಜಿಡ್ಡು, ಬಾಯಿಯ ಅಂಚಿಗೆ ಇನ್ನೊಂದು ಹುಳದ ಚೂರು. ಆಮೇಲೆ ಗಂಡು ಹುಳದ ಹೊಟ್ಟೆಯನ್ನು ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸಿ, ಒಳಗಿನ ಅಂಗವನ್ನು ಹೊರತೆಗೆದು, ಅದನ್ನೂ ಬರೆಯಬೇಕೆಂದರು. ಜಾತಿ ಜಾತಿಗೆ ಅದರ ಆಕಾರ ಬೇರೆಯಂತೆ, ಬೀಗಕ್ಕೆ ಕೀಲಿ ಇದ್ದ ಹಾಗೆ.

“ಏನದು?” ಎಂದು ನಾನು ಬೇಕೆಂದೇ ಕೇಳಿದೆ.

“ಗಂಡಿನ ಗುರುತು,” ಎಂದು ಅವರು ಕಿಟಕಿಯ ಕಡೆ ನೋಡಿದರು.

ಮದುವೆಯಾಗಿ ಎರಡು ವರ್ಷವಾಗಿದ್ದರೂ ಅವರ ಕಿವಿ ಕೆಂಪಾಗಿದ್ದವು. ಆ ಒಂದು ದಿನ ನನಗೂ ನಗು ಬಂದಿತ್ತು. ಅಷ್ಟೇ.

ಬಾಟಲಿಯ ಮಾತಿಗೆ ಬರುತ್ತೇನೆ. ಹುಳದ ಕಾಲು, ಮೀಸೆ ಮುರಿಯದಂತೆ ಕೊಲ್ಲಬೇಕಾದರೆ ಒತ್ತಬಾರದು, ಉಸಿರು ಕಟ್ಟಿಸಿ ಕೊಲ್ಲಬೇಕು. ಅದಕ್ಕೆ ಅವರು ಪುಣೆಯ ತಮ್ಮ ಪ್ರೊಫೆಸರರಿಂದ ಸಯನೈಡಿನ ಹರಳು ತಂದಿದ್ದರು. ಅಗಲ ಬಾಯಿಯ ಗಾಜಿನ ಬಾಟಲಿಯ ತಳದಲ್ಲಿ ಹರಳುಗಳನ್ನು ಇಟ್ಟು, ಮೇಲೆ ಕಟ್ಟಿಗೆ ಹೊಟ್ಟು ಹಾಕಿ, ಅದರ ಮೇಲೆ ಪ್ಲಾಸ್ಟರ್ ಕಲಸಿ ಸುರಿದರು. ಪ್ಲಾಸ್ಟರು ಬೆಳ್ಳಗೆ ಗಟ್ಟಿಯಾಯಿತು. ಅದರ ಸಂದಿಯಿಂದ ಬದಾಮಿನ ವಾಸನೆಯ ವಿಷದ ಗಾಳಿ ಮೇಲೆ ಬರುತ್ತದೆ. ಹುಳವನ್ನು ಒಳಗೆ ಬಿಟ್ಟು ಬೂಚು ಹಾಕಿದರೆ ಎರಡು ಸುತ್ತು ತಿರುಗಿ ಅಂಗಾತ ಬೀಳುತ್ತದೆ. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ವಿಷವೆಂದು ಬರೆದು ಅಂಟಿಸಿದ್ದರು. ಅತ್ತೆಗೆ ಕನ್ನಡದ ಅಕ್ಷರವೂ ಬರುತ್ತಿರಲಿಲ್ಲ.

ಪ್ಲಾಸ್ಟರ್ ಸುರಿಯುವಾಗ ಅತ್ತೆ ಅಲ್ಲಿಯೇ ಕುಳಿತು ಅಡಿಕೆ ಕತ್ತರಿಸುತ್ತಿದ್ದರು. “ಏನೋ ತಮ್ಮಾ ಅದು?”

“ಸುಣ್ಣ ಅವ್ವಾ.”

“ಹುಳಕ್ಕ ಸುಣ್ಣ ಯಾಕೋ? ಎಲಿ ಹಾಕ್ಕೋತಾವೇನ?”

“ಕೆಡಬಾರದಂತ ಹಾಕೇನಿ. ನೀ ಮುಟ್ಟಬ್ಯಾಡ.”

ನಾನು ಅಡಿಗೆ ಮನೆಯ ಹೊಸ್ತಿಲಲ್ಲಿ ನಿಂತು ಇದನ್ನು ಕೇಳಿದೆ. ನನ್ನ ಗಂಡ ಒಳಗೆ ಬಂದಾಗ ಅವರಿಗೆ, “ವಿಷ ಅಂತ ಹೇಳಬೇಕಿತ್ತಿಲ್ರಿ?” ಎಂದೆ. “ಹೇಳಿದ್ರ ಅಂಜಿ ಮನಿ ಬಿಟ್ಟ ಹೊಕ್ಕಾಳ. ಮತ್ತ ಮೂಡಲಗಿಗೆ ಹೋಗಿ ಊರ ತುಂಬ ಸಾರತಾಳ,” ಎಂದರು. ಬಾಟಲಿ ಪಡಸಾಲೆಯ ಗೋಡೆಯ ಎತ್ತರದ ಗೂಡಿನಂಥ ಮಾಡದಲ್ಲಿ ಕುಳಿತಿತು. ಅವರು ಶಾಲೆಗೆ ಹೋದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮಳೆಗಾಲ ಬಂದು ಪ್ಲಾಸ್ಟರು ತೇವ ಹೀರಿ ಮೊಸರಿನ ಕೆನೆಯಂತೆ ಮೆತ್ತಗಾಯಿತು. ಬೇರೆ ಮಾಡಬೇಕು, ಬೇರೆ ಮಾಡಬೇಕು ಎಂದು ಅವರು ಹೇಳುತ್ತಲೇ ಇದ್ದರು.

ನಮ್ಮ ಬಾಜೂ ಮನೆಯಲ್ಲಿ ಒಬ್ಬ ಜೈನ ಅಜ್ಜಿ ಇದ್ದರು. ಮರಾಠಿ, ಕನ್ನಡ ಎರಡೂ ಸಮ. ಓಣಿಯವರೆಲ್ಲ ಅವರನ್ನು ಆಯಿ ಎನ್ನುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಅವರು ಏನನ್ನೂ ಬಾಯಿಗೆ ಹಾಕುವವರಲ್ಲ, ಎಲೆ ಅಡಿಕೆಯನ್ನೂ. ಅದಕ್ಕೆ ದಿನದ ಕೊನೆಯ ಎಲೆ ಜಗಿಯಲು ಸೂರ್ಯನ ಜೊತೆ ಓಟ ಹೂಡಿ ನಮ್ಮ ಪಡಸಾಲೆಗೆ ಬರುತ್ತಿದ್ದರು. ನನ್ನ ಗಂಡನ ಹುಳದ ಕೆಲಸ ಅವರಿಗೆ ಸೇರುತ್ತಿರಲಿಲ್ಲ. “ಮಾಸ್ತರ, ಈ ಜನ್ಮದಾಗ ನೀವು ಅವನ್ನ ಚುಚ್ಚತೀರಿ, ಮುಂದಿನ ಜನ್ಮದಾಗ ಅವು ನಿಮ್ಮನ್ನ ಚುಚ್ಚತಾವ್ರಿ. ಸೂಜಿ ಮಾತ್ರ ಸ್ವಲ್ಪ ದೊಡ್ಡದಿರತೈತಿ,” ಎಂದು ಚೇಷ್ಟೆ ಮಾಡುತ್ತಿದ್ದರು.

ಆ ಸಂಜೆ ನಾನು ಹಿತ್ತಲಾಚೆಯ ಓಣಿಯ ಬಾವಿಗೆ ನೀರಿಗೆ ಹೋಗಿದ್ದೆ. ಆಯಿ ಸುಣ್ಣ ಕೇಳಿಕೊಂಡು ಬಂದರಂತೆ. ಅತ್ತೆಯ ಸುಣ್ಣದ ಡಬ್ಬಿ ಒಣಗಿ ಕಲ್ಲಾಗಿತ್ತು. ನಮ್ಮ ಕಡೆ ಒಂದು ಪದ್ಧತಿ. ಮನೆಯಲ್ಲಿ ಏನಿಲ್ಲದಿದ್ದರೂ ಸುಣ್ಣ ಕೇಳಿದವರಿಗೆ ಇಲ್ಲ ಎನ್ನಬಾರದು. ದೀಪ ಹಚ್ಚುವ ಹೊತ್ತಿಗಂತೂ ಆ ಮಾತು ಬಾಯಿಂದ ಬರಲೇಬಾರದು. ಅತ್ತೆ ಇಲ್ಲ ಎನ್ನಲಿಲ್ಲ. ಮಣೆಯ ಮೇಲೆ ಮಣೆ ಇಟ್ಟು ಹತ್ತಿ ಮಾಡದ ಬಾಟಲಿ ಇಳಿಸಿದರು.

ನಾನು ಕೊಡ ಹೊತ್ತು ಒಳಗೆ ಬಂದಾಗ ಇಬ್ಬರೂ ಎದುರು ಬದುರು ಕುಳಿತಿದ್ದರು. ನಡುವೆ ಬಾಟಲಿ, ಬೂಚು ಬಿಚ್ಚಿತ್ತು. ಒಳಗಿದ್ದ ಹುಳಗಳನ್ನು ಅತ್ತೆ ಹೊರಗಿನ ಬೂದಿಗುಂಡಿಗೆ ಝಾಡಿಸಿ ಬಂದಿದ್ದರು. ಅಡಕತ್ತರಿಯ ತುದಿಯಿಂದ ಬಿಳಿಯದನ್ನು ಕೆರೆದು ಆಯಿಯ ಎಲೆಗೆ ಸವರಿ ಕೊಟ್ಟಿದ್ದರು. ತಮ್ಮ ಎಲೆಗೆ ಬೆರಳಿನಿಂದ ಸವರುತ್ತಿದ್ದರು.

ಆಯಿ ತಮ್ಮ ಎಲೆಯನ್ನು ಆಗಲೇ ಮಡಿಚಿ ಬಾಯಿಯ ಹತ್ತಿರ ಹಿಡಿದಿದ್ದರು. “ಭಾಳ ಛಲೋ ಸುಣ್ಣ ಬೇ. ಬದಾಮಿನ ಘಮಾ ಬರತೈತಿ. ಎಲ್ಲಿಂದ ತಂದಾನ ನಿನ್ನ ಮಗಾ?”

“ಪುಣೇದ್ದು,” ಎಂದರು ಅತ್ತೆ ಹೆಮ್ಮೆಯಿಂದ.

“ಅದಕ್ಕ ಮತ್ತ. ನಮ್ಮ ಸೊಸಿ ನೋಡು, ಡಬ್ಬಿ ಒಣಗಿ ಕಲ್ಲಾದ್ರೂ ಒಂದ ಹನಿ ನೀರ ಹಾಕೂದಿಲ್ಲ. ಕೇಳಿದ್ರ, ನಾ ಎಲಿ ತಿನ್ನೂದಿಲ್ರಿ ಅಂತಾಳ. ಅಲ್ಲಬೇ, ಅಕಿ ತಿನ್ನೂದಿಲ್ಲ ಅಂತ ನಾವು ಉಪಾಸ ಸಾಯೂಣೇನ? ಈ ಸಾಲಿ ಕಲತ ಸೊಸ್ಯಾರು...”

ಈ ಮಾತು ಹಿತ್ತಲಿಂದ ಬರುತ್ತ ನನ್ನ ಕಿವಿಗೆ ಬಿದ್ದದ್ದು; ಬಾಗಿಲಲ್ಲಿ ನನ್ನನ್ನು ಕಂಡು ಆಯಿ ತಡೆದರು. ಎಲೆ ತುಟಿಗೆ ಹತ್ತಿತು.

ಕೊಡ ಯಾವಾಗ ಬಿತ್ತೋ ತಿಳಿಯದು. ಆಯಿಯ ಬಾಯಿಗೆ ಕೈ ಹಾಕಿ, ಹಲ್ಲಿನ ನಡುವಿನಿಂದ ಎಲೆಯನ್ನು ಕಿತ್ತು ಅಂಗಳಕ್ಕೆ ಎಸೆದೆ. ತಿರುಗಿದರೆ ಅತ್ತೆಯ ಕೈ ಮೇಲೇಳುತ್ತಿತ್ತು. ಅದರ ಮೇಲೆ ಬಲವಾಗಿ ಹೊಡೆದೆ. ಬಳೆ ಒಡೆಯಿತು, ಎಲೆ ಗೋಡೆಗೆ ಹೋಗಿ ಅಂಟಿತು. ಇಷ್ಟೇ ನಡೆದದ್ದು. ಆದರೆ ನನ್ನ ಮನಸ್ಸಿನಲ್ಲಿ ಅದು ಪ್ರತಿ ಸಲ ಬೇರೆ ರೀತಿ ನಡೆಯುತ್ತದೆ. ಒಮ್ಮೆ ನಾನು ಮೊದಲು ಅತ್ತೆಯ ಕಡೆ ಓಡುತ್ತೇನೆ, ಹಿಂದೆ ಆಯಿ ಜಗಿಯುವ ಸದ್ದು ಕೇಳುತ್ತದೆ. ಒಮ್ಮೆ ಬಾವಿಯ ಹಗ್ಗ ಸಿಕ್ಕಿಕೊಂಡು ಒಂದು ಕೊಡ ತಡವಾಗುತ್ತದೆ. ಒಮ್ಮೆ ಆಯಿಗೆ ಸೊಸೆಯ ಮೇಲೆ ಯಾವ ದೂರೂ ಇರುವುದಿಲ್ಲ. ಅವರು ಸುಮ್ಮನೆ ಎಲೆ ಬಾಯಿಗೆ ಹಾಕಿಕೊಳ್ಳುತ್ತಾರೆ.

“ವಿಷ ಐತ್ರಿ ಅದು,” ಎಂದು ಕೊನೆಗೆ ನನ್ನ ಬಾಯಿಂದ ಬಂತು. “ಬಾಯಿ ತೊಳೀರಿ, ನುಂಗಬ್ಯಾಡ್ರಿ.”

ಆಯಿಗೆ ಏನು ಕೇಳಿಸಿತೋ, ವಿಷವೆಂಬ ಮಾತೋ, ಬಾಯಿಗೆ ಕೈ ಹಾಕಿದ ಅವಮಾನವೋ. “ಹುಣಸಿ ನೀರ ತಗೊಂಬಾ, ಹುಣಸಿ ನೀರ!” ಎಂದು ಚೀರಿದರು. ವಿಷವೆಂದರೆ ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುವುದು ಊರಿನವರಿಗೆಲ್ಲ ಗೊತ್ತು. ಅತ್ತೆ ಹುಣಸೆಯ ಗಡಿಗೆಗೆ ಓಡಿದರು, ಬೆರಳಿನ ಬಿಳುಪು ಹಾಗೆಯೇ ಇತ್ತು. ಹುಳಿ ತಾಗಿದರೆ ಆ ವಿಷ ಇನ್ನೂ ಬೇಗ ಗಾಳಿಯಾಗಿ ಏಳುತ್ತದೆಂದು ನಾನು ಕಾಲೇಜಿನಲ್ಲಿ ಓದಿದ್ದೆ. ಮತ್ತೊಮ್ಮೆ ಅವರ ಕೈ ಹಿಡಿದು ಎಳೆದೆ. ಬಚ್ಚಲಿಗೆ ಒಯ್ದು ಹಂಡೆಯ ನೀರನ್ನೆಲ್ಲ ಆ ಕೈ ಮೇಲೆ ಸುರಿದೆ. ಬಾಗಿಲ ಹಿಂದೆ ಗಡಿಗೆ ಸರಸರ ಎನ್ನುತ್ತಿತ್ತು. ಆಯಿ ಅಂಗಳದಲ್ಲಿ ಹತ್ತು ಸಲ ಬಾಯಿ ಮುಕ್ಕಳಿಸಿ ಉಗುಳಿದರು. ಅವರ ಎಲೆ ಬಿದ್ದ ಕಲ್ಲಿನ ಮೇಲೆ ಬಿಳಿಯದು ಮೆತ್ತಿತ್ತು. ಅದಕ್ಕೆ ಕುಳಿತ ನೊಣಗಳು ಮೇಲೇಳಲಿಲ್ಲ. ನಾವು ಮೂವರೂ ನಿಂತು ಆ ಕಲ್ಲನ್ನೇ ನೋಡಿದೆವು. ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡು ತಮ್ಮ ಮನೆಗೆ ಹೋದರು.

ಆಗ ನನ್ನ ಗಂಡ ಬಂದರು. ಒಡೆದ ಕೊಡ, ಹರಿದ ನೀರು, ತೆರೆದ ಬಾಟಲಿ. ಬಾಟಲಿಯನ್ನು ಬೆಳಕಿಗೆ ಹಿಡಿದರು. ಅದರಲ್ಲಿ ಅವರು ಆ ಬೆಳಗ್ಗೆ ಹಾಕಿದ್ದ, ಮೀಸೆ ಕಾಲು ಎಲ್ಲ ಸರಿ ಇದ್ದ ಒಂದೇ ಒಂದು ಗಂಡು ಹುಳ ಇರಬೇಕಿತ್ತು, ಇರಲಿಲ್ಲ.

“ಗಂಡು ಎಲ್ಲಿ ಹೋತು?” ಎಂದರು.

ಅತ್ತೆ ಒದ್ದೆ ಸೀರೆಯಲ್ಲಿ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. “ಈ ಮನ್ಯಾಗ ಗಂಡು ಎಲ್ಲಿತ್ತೋ ತಮ್ಮಾ?” ಎಂದರು. “ಇದ್ದಿದ್ರ ತಾಯಿಗೆ ವಿಷಾನ ಸುಣ್ಣ ಅಂತ ಹೇಳತಿದ್ದಿಲ್ಲ.”

ಅವರು ನನ್ನ ಮುಖ ನೋಡಿದರು. ನಾನು ಕಲ್ಲಿನ ಮೇಲಿನ ನೊಣಗಳನ್ನು ತೋರಿಸಿದೆ. ಅವರು ಅಲ್ಲಿಯೇ ನೀರಿನಲ್ಲಿ ಕುಳಿತುಬಿಟ್ಟರು. ಅವರ ಮೇಲೆ ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ಮೊದಲು ಹುಳವನ್ನು ಕೇಳಿದ ಆ ಬಾಯಿಯನ್ನು ನೋಡಿ ನನಗೆ ಹೇಸಿಗೆಯಾಯಿತು. ಕೊಬ್ಬರಿಯಲ್ಲಿ ಹುಳ ಜಗಿದ ದಿನಕ್ಕಿಂತ ಹೆಚ್ಚಿನ ಹೇಸಿಗೆ.

“ಅಷ್ಟ ಹೆಸರ ಓದೀದಿ,” ಎಂದು ಅತ್ತೆ ಇನ್ನೂ ಹೇಳುತ್ತಿದ್ದರು, ಈಗ ಅಳುತ್ತ. “ಹೆಸರಿಲ್ಲದ ಹುಳಕ್ಕ ಹೆಸರಿಡಾಕ ಹೊಂಟೀದಿ. ವಿಷಕ್ಕ ಕನ್ನಡದಾಗ ಹೆಸರಿರಲಿಲ್ಲೇನೋ?”

ಮರುದಿನದಿಂದ ಆಯಿಯ ಬಾಯಿಂದ ಓಣಿಯಲ್ಲಿ ಸುದ್ದಿ ಹಬ್ಬಿತು, ಸಾಲಿ ಕಲಿತ ಸೊಸೆ ಅತ್ತೆಯ ಬಳೆ ಒಡೆಯುವಂತೆ ಹೊಡೆದಳು ಎಂದು. ವಿಷದ ಮಾತು ಹೊರಗೆ ಹೋದರೆ ನೌಕರಿ ಹೋಗುತ್ತದೆಂದು ನನ್ನ ಗಂಡ ಆಯಿಯನ್ನೂ ನನ್ನನ್ನೂ ಬೇಡಿಕೊಂಡಿದ್ದರು. ನಾನು ಸುಮ್ಮನಿದ್ದೆ. ಬಾವಿಯ ಕಟ್ಟೆಯಲ್ಲಿ ಹೆಂಗಸರು ನನ್ನನ್ನು ನೋಡಿ ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಎರಡು ದಿನ ಅತ್ತೆ ಇದನ್ನು ನೋಡಿದರು. ಮೂರನೆಯ ದಿನ ನನ್ನ ರಟ್ಟೆ ಹಿಡಿದು ಆಯಿಯ ಮನೆಯ ಕಟ್ಟೆಗೆ ಕರೆದೊಯ್ದು, ಓಣಿಗೆಲ್ಲ ಕೇಳುವಂತೆ, “ಆಯಿ, ನಿನ್ನ ಬಾಯಾಗ ಇಕಿ ಕೈ ಹಾಕಿದ್ದಕ್ಕ ನೀ ಇವತ್ತ ಬಾಯಿ ಮಾಡಾಕತ್ತೀದಿ. ನಿನಗ ವಿಷ ಸವರಿ ಕೊಟ್ಟಾಕಿ ನಾನು, ನನ್ನ ಕೈಯಾಗ ಅದನ್ನ ಕೊಟ್ಟಾಂವ ನನ್ನ ಮಗಾ. ಬೈಯೂದಿದ್ರ ನಮ್ಮನ್ನ ಬೈ,” ಎಂದರು. ಆಯಿ ನಾಲಿಗೆಯಿಂದ ಹಲ್ಲು ತಡವಿ ನೋಡಿಕೊಂಡರು. ಆಮೇಲೆ, “ಕೈ ಹಾಕೂದ ಹಾಕಿದ್ಲು, ಅಳ್ಳಾಡೂ ಹಲ್ಲರೆ ಕಿತ್ತಿದ್ರ ಛಲೋ ಆಗತಿತ್ತು,” ಎಂದರು. ನಕ್ಕದ್ದು ಅವರೊಬ್ಬರೇ.

ನೌಕರಿಯೇನೂ ಹೋಗಲಿಲ್ಲ. ಬಾಟಲಿಯನ್ನು ಚೆಲ್ಲಲು ಮಾತ್ರ ಜಾಗ ಸಿಗಲಿಲ್ಲ. ಹೊಳೆಯ ನೀರು ಊರೇ ಕುಡಿಯುತ್ತದೆ, ತಿಪ್ಪೆಯಲ್ಲಿ ದನ ಬಾಯಿ ಹಾಕುತ್ತದೆ. ನನ್ನ ಗಂಡ ಅದನ್ನು ಬಟ್ಟೆಯಲ್ಲಿ ಸುತ್ತಿ, ಮೋಟಾರಿನಲ್ಲೂ ರೈಲಿನಲ್ಲೂ ತೊಡೆಯ ಮೇಲೆ ಇಟ್ಟುಕೊಂಡು ಪುಣೆಗೆ ಒಯ್ದು ಪ್ರೊಫೆಸರರಿಗೆ ಮರಳಿಸಿ ಬಂದರು. ಗಡಿಗೆಯಿಂದ ಇನ್ನೊಂದು ಗಂಡು ಹುಳ ಸಿಕ್ಕಿತು. ಅದರ ಚಿತ್ರವನ್ನೂ ನಾನೇ ಬರೆದೆ, ಮೂಗಿಗೆ ಸೆರಗು ಕಟ್ಟಿಕೊಂಡು. ವಿದ್ವಾಂಸರು ಅದು ಹೊಸ ಜಾತಿಯೆಂದು ಒಪ್ಪಿದರು. ಅಚ್ಚಾದ ಲೇಖನದಲ್ಲಿ ಮೀಸೆಯ ಗಂಟುಗಳಿವೆ, ಬೆನ್ನಿನ ತೂತುಗಳಿವೆ, ತೊಡೆಯ ಬಣ್ಣವಿದೆ. ನಮ್ಮ ಹೊಳೆ ಘಟಪ್ರಭೆಯ ಹೆಸರಿನಲ್ಲಿ ಒಂದು ಲ್ಯಾಟಿನ್ ಪದವಿದೆ. ಎಲ್ಲಿ ಸಿಕ್ಕಿತು ಎಂಬಲ್ಲಿ ಗೋಕಾಕ ಎಂದಷ್ಟೇ ಇದೆ.

ಅತ್ತೆ ಎಲೆ ಬಿಡಲಿಲ್ಲ. ಆದರೆ ಅಂದಿನಿಂದ ಸುಣ್ಣವನ್ನು ಮಗನ ಕೈಯಿಂದ ತೆಗೆದುಕೊಳ್ಳಲಿಲ್ಲ, ಅಂಗಡಿಯಿಂದ ಬಂದದ್ದನ್ನೂ ನೇರವಾಗಿ ಮುಟ್ಟಲಿಲ್ಲ. ಡಬ್ಬಿ ಬಿಚ್ಚಿ ನನ್ನ ಮುಂದೆ ಹಿಡಿಯುತ್ತಿದ್ದರು. “ನೋಡವಾ, ಇದು ಸುಣ್ಣ ಹೌದಿಲ್ಲೋ?” ನಾನು ಬೆರಳ ತುದಿಯಿಂದ ಮುಟ್ಟಿ, ಮೂಸಿ ನೋಡಿ, ನಾಲಿಗೆಗೆ ಇಟ್ಟುಕೊಳ್ಳುತ್ತಿದ್ದೆ. ಚುರ್ರೆಂದು ಸುಡುತ್ತಿತ್ತು. “ಹೌದ್ರಿ ಅತ್ತೀ, ಸುಣ್ಣ,” ಎಂದ ಮೇಲೆ ಅವರು ಎಲೆಗೆ ಸವರಿಕೊಳ್ಳುತ್ತಿದ್ದರು. ಅವರು ಇರುವತನಕ, ದಿನಕ್ಕೆ ಎಷ್ಟು ಎಲೆಯೋ ಅಷ್ಟು ಸಲ.